"ರಕ್ತ ಸರಿ ಆಯ್ತಲ್ಲ, ಇನ್ನೂ ಯಾಕೆ ಅಲ್ಲೇ?"

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಾಲ್ಡೀವ್ಸ್‌ನಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬಂದ ಏಳು ವರ್ಷದ ಹುಡುಗಿ. ಕಾಯಿಲೆ ಎ.ಎಲ್.ಎಲ್. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್ ಇದು. ಜೊತೆಗಿದ್ದದ್ದು ತಾಯಿ ಮಾತ್ರ. ತಂದೆಗೆ ಅಲ್ಲಿನ ಒಂದು ರೆಸಾರ್ಟಿನಲ್ಲಿ ಕೆಲಸ. ಹನ್ನೆರಡು ವರ್ಷದ ಅಣ್ಣ ಊರಲ್ಲಿ ಅಜ್ಜಿಯ ಹತ್ತಿರ ಇದ್ದ.

ಮೊದಲ ತಿಂಗಳ ಕೀಮೋ ಮುಗಿಯಿತು. ಮೂಳೆ ಮಜ್ಜೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣಗಳು ಕಾಣಲಿಲ್ಲ. ಅವತ್ತಿನಿಂದ ತಂದೆ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: "ರಕ್ತ ಸರಿ ಆಯ್ತಲ್ಲ, ಇನ್ನೂ ಯಾಕೆ ಅಲ್ಲೇ? ಮಗುವನ್ನು ಕರೆದುಕೊಂಡು ಬಾ." ತಾಯಿ ವಿಮಾನದ ಟಿಕೆಟ್ ವಿಚಾರಿಸುತ್ತಿದ್ದಾರೆ ಅಂತ ಗೊತ್ತಾದಾಗ ವಾರ್ಡಿನವರು ಅವರನ್ನು ನನ್ನ ಹತ್ತಿರ ಕಳಿಸಿದರು. ರೋಗಿಗಳ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ.

ತಾಯಿಗೆ ಸಿನಿಮಾ ನೋಡಿ ಕಲಿತ ಹಿಂದಿ ಸ್ವಲ್ಪ ಬರುತ್ತಿತ್ತು. ದಿನದ ಮಾತಿಗೆ ಅದು ಸಾಕು. ಮಗುವಿನ ಪ್ರಾಣದ ವಿಷಯ ಮಾತಾಡಲು ಸಾಲದು. ಅವರ ಭಾಷೆ ದಿವೇಹಿ. ಅದನ್ನು ಬಲ್ಲ ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿದೆವು.

ದುಡ್ಡಿನ ತೊಂದರೆ ಇರಬಹುದು ಅಂತ ಮೊದಲು ಕೇಳಿದೆ. ಅಲ್ಲಿ ಸರ್ಕಾರದ್ದೇ ಆರೋಗ್ಯ ಯೋಜನೆ ಇದೆ, ಹೆಸರು ಆಸಂಧ, 2012ರಲ್ಲಿ ಶುರುವಾಯಿತು. ಆಸ್ಪತ್ರೆಯ ಬಿಲ್ಲು ಅದರಲ್ಲಿ ಹೋಗುತ್ತಿತ್ತು. ಬಾಡಿಗೆ, ಊಟ, ಆಟೋ ಖರ್ಚು ಕೈಯಿಂದ ಹೋಗುತ್ತಿದ್ದದ್ದು ನಿಜ. ಆದರೂ ವಾಪಸ್ ಹೋಗುವ ಮಾತು ಬಂದದ್ದು ಅದರಿಂದಲ್ಲ.

ಡಾಕ್ಟರು ತಂದೆಗೆ ಆಗಲೇ ಫೋನಿನಲ್ಲಿ ಎಲ್ಲ ವಿವರಿಸಿದ್ದರು. ಪರೀಕ್ಷೆಯಲ್ಲಿ ಕಾಣದಿದ್ದರೂ ದೇಹದಲ್ಲಿ ಕೋಟಿಗಟ್ಟಲೆ ಕ್ಯಾನ್ಸರ್ ಕಣ ಉಳಿದಿರಬಹುದು. ಈಗ ನಿಲ್ಲಿಸಿದರೆ ಕಾಯಿಲೆ ಮರಳಿ ಬರುತ್ತದೆ. ಚಿಕಿತ್ಸೆ ಒಟ್ಟು ಎರಡು ವರ್ಷಕ್ಕೂ ಜಾಸ್ತಿ. ತಂದೆ ಎಲ್ಲಕ್ಕೂ "ಸರಿ" ಅಂದಿದ್ದರು. ಮಾರನೇ ದಿನ ಮತ್ತೆ ಅದೇ ಮಾತು. ಹೀಗಾದಾಗ ಮತ್ತೊಮ್ಮೆ ವಿವರಿಸಿ ಪ್ರಯೋಜನವಿಲ್ಲ. ಆ ಮಾತಿನ ಹಿಂದೆ ಏನಿದೆ ಅಂತ ಕೇಳಬೇಕು.

ವಿಡಿಯೊ ಕಾಲ್‌ನಲ್ಲಿ ಅವರನ್ನು ಕೇಳಿದೆ: "ನಿಮಗೆ ಗೊತ್ತಿರುವವರಲ್ಲಿ ಮೊದಲು ಯಾರಿಗಾದರೂ ಕ್ಯಾನ್ಸರ್ ಬಂದಿತ್ತಾ?" ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪನ ಕಥೆ ಹೇಳಿದರು. ಹೊರದೇಶಕ್ಕೆ ಕರೆದುಕೊಂಡು ಹೋಗಿದ್ದರು. ಚಿಕ್ಕಪ್ಪ ಅಲ್ಲೇ ತೀರಿಕೊಂಡರು. ಕೊನೆಗಾಲದಲ್ಲಿ ಮನೆಯವರಲ್ಲಿ ಒಬ್ಬರೇ ಹತ್ತಿರ ಇದ್ದದ್ದು. "ನನ್ನ ಮಗಳು ಹಾಗೆ ಹೋಗಬಾರದು" ಅಂದರು.

ಮಗಳು ಗುಣವಾದಳು ಅಂತ ಅವರು ಕರೆಯುತ್ತಿರಲಿಲ್ಲ. ಹೇಗೂ ಉಳಿಯುವುದಿಲ್ಲ, ಮನೆಯಲ್ಲೇ ಇರಲಿ ಅಂತ ಕರೆಯುತ್ತಿದ್ದರು. ತಾಯಿಗೆ ಇದು ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ, ಊರುಗಳಿರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಒಟ್ಟು ಜನ ಐದು ಲಕ್ಷದ ಆಸುಪಾಸು. ಅಷ್ಟು ಸಣ್ಣ ದೇಶದಲ್ಲಿ ಕ್ಯಾನ್ಸರ್ ಬರುವ ಮಕ್ಕಳು ತೀರಾ ಕಡಿಮೆ. ಹಾಗಾಗಿ ಗುಣವಾಗಿ ಶಾಲೆಗೆ ಹೋಗುತ್ತಿರುವ ಒಂದು ಮಗುವನ್ನೂ ಅಲ್ಲಿನ ಒಬ್ಬ ತಂದೆ ನೋಡದೇ ಇರುವುದು ಸಹಜ. ತಾಯಿಗೆ ವಾರ್ಡಿನಲ್ಲಿ ದಿನಾ ಅಂಥ ಮಕ್ಕಳು ಸಿಗುತ್ತಿದ್ದರು. ತಂದೆಗೆ ಕಾಣುತ್ತಿದ್ದದ್ದು ಚಿಕ್ಕಪ್ಪ ಒಬ್ಬರೇ. ಈ ಕಾಯಿಲೆಯಲ್ಲಿ, ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಗುವ ಕಡೆ, ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಮಕ್ಕಳು ಉಳಿಯುತ್ತಾರೆ. ಬಾಯಲ್ಲಿ ಹೇಳಿದರೆ ಇದು ಬರೀ ಲೆಕ್ಕ. ಅದಕ್ಕೇ ಚಿಕಿತ್ಸೆ ಮುಗಿಸಿ ಚೆಕಪ್‌ಗೆ ಬಂದಿದ್ದ ಒಬ್ಬ ಹುಡುಗ ಮತ್ತು ಅವನ ಅಪ್ಪನನ್ನು, ಅವರ ಒಪ್ಪಿಗೆ ಪಡೆದು, ಅದೇ ಫೋನಿನ ಮುಂದೆ ಕೂರಿಸಿದೆವು. ಅಪ್ಪಂದಿರಿಬ್ಬರೂ ನಮ್ಮನ್ನು ಮರೆತು ಮಾತಾಡಿದರು.

ಇನ್ನೊಂದು ಮಾತು ಸಹಾಯಕ್ಕೆ ಬಂತು. ಮಾಲ್ಡೀವ್ಸ್‌ನಲ್ಲಿ ತಲಸ್ಸೇಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ತುಂಬಾ ಜಾಸ್ತಿ. ಪಕ್ಕದ ಮನೆಯ ಹುಡುಗನಿಗೆ ತಪ್ಪದೆ ರಕ್ತ ಹಾಕಿಸುತ್ತಾರೆ ಅಂತ ತಂದೆಯೇ ಹೇಳಿದರು. "ಅವನು ಆಡಿಕೊಂಡು ಚೆನ್ನಾಗಿದ್ದಾನೆ ಅಂತ ರಕ್ತ ಹಾಕಿಸುವುದನ್ನು ನಿಲ್ಲಿಸುತ್ತಾರಾ?" ಅಂತ ಕೇಳಿದೆ. "ಇಲ್ಲ" ಅಂದರು. ನಿಮ್ಮ ಮಗಳ ಚಿಕಿತ್ಸೆಗೆ ಒಂದು ಕೊನೆ ದಿನ ಇದೆ, ಆ ದಿನದವರೆಗೆ ಬಿಡಬಾರದು ಅಷ್ಟೇ, ಅಂದೆ.

ಅಣ್ಣನ ವಿಷಯ ಆಮೇಲೆ ಬಂತು. ಅವನು ತಾಯಿಯ ಫೋನಿಗೆ ಬರುವುದನ್ನೇ ಬಿಟ್ಟಿದ್ದ. ಹಟ ಅಂತ ಅಜ್ಜಿ ಹೇಳಿದ್ದರು. ಏನಾಗಿತ್ತೆಂದರೆ, ಆಟದಲ್ಲಿ ಅವನು ತಂಗಿಯ ಕೈ ಹಿಡಿದು ಎಳೆದಿದ್ದ. ಮಾರನೇ ದಿನ ಅಲ್ಲಿ ನೀಲಿ ಗುರುತು. ಎಲ್ಲರೂ ಬೈದರು. ಆಮೇಲೆ ತಂಗಿಯನ್ನು ವಿಮಾನ ಹತ್ತಿಸಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಮ್ಮಿಯಾದಾಗ ಹಾಗೆ ಗುರುತು ಬೀಳುತ್ತದೆ ಅಂತ ಆ ಹುಡುಗನಿಗೆ ಯಾರು ಹೇಳಬೇಕು? "ಕಾಯಿಲೆ ಮೊದಲೇ ಒಳಗಿತ್ತು. ನೀನು ಎಳೆದದ್ದರಿಂದ ಬಂದಿಲ್ಲ. ನಾವು ಬೈದದ್ದು ತಪ್ಪು." ಈ ಮೂರು ಮಾತನ್ನು ತಾಯಿಯೇ ಹೇಳಬೇಕು, ಅಜ್ಜಿಯ ಮೂಲಕ ಹೇಳಿಸಬಾರದು ಅಂತ ಸಲಹೆ ಕೊಟ್ಟೆ. ಹೇಳಿದರು. ಹುಡುಗ ತುಂಬಾ ಹೊತ್ತು ಅತ್ತನಂತೆ.

ಹುಡುಗಿಗೂ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ದೊಡ್ಡವರು ಪಿಸುಗುಟ್ಟಿದರೆ ಮಕ್ಕಳು ಸುಮ್ನೆ ಇರುವುದಿಲ್ಲ, ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಹೆಸರು ಹೇಳಿ, ಯಾರ ತಪ್ಪೂ ಅಲ್ಲ, ಯಾರಿಗೂ ಅಂಟುವುದಿಲ್ಲ ಅಂತ ಹೇಳಿ ಅಂದೆ. "ಹಾಗಾದ್ರೆ ಅಣ್ಣನಿಗೆ ಬರಲ್ಲ ಅಲ್ವಾ?" ಅಂತ ಅವಳು ಕೇಳಿದಳು. ಅವಳ ಮೊದಲ ಪ್ರಶ್ನೆಯೇ ಅದು. ಇನ್ನು ಸ್ಟಿರಾಯ್ಡ್ ಕೊಡುವ ದಿನಗಳಲ್ಲಿ ಮಧ್ಯರಾತ್ರಿ ಎದ್ದು ಅನ್ನ, ಗರುಧಿಯ ಬೇಕು ಅಂತ ಅಳುತ್ತಿದ್ದಳು. ಗರುಧಿಯ ಅಂದರೆ ಅವರ ಊರಿನ ಮೀನಿನ ಸಾರು. ಹಟ ಅಲ್ಲ, ಔಷಧಿಯ ಹಸಿವು ಅಂತ ತಿಳಿದಾಗ ತಾಯಿಗೆ ಅರ್ಧ ಭಾರ ಇಳಿಯಿತು. ಬಿಸಿಯಾಗಿ, ಚೆನ್ನಾಗಿ ಬೇಯಿಸಿ ಕೊಡಲು ಡಾಕ್ಟರ ಅಡ್ಡಿ ಇರಲಿಲ್ಲ.

ತಂದೆಯ ಆಸೆಯನ್ನು ತಳ್ಳಿಹಾಕುವುದು ನನಗೆ ಸರಿ ಕಾಣಲಿಲ್ಲ. ಮನೆಗೆ ಹೋಗುವುದೂ ಚಿಕಿತ್ಸೆಯ ಯೋಜನೆಯಲ್ಲೇ ಇರಬೇಕು. ಡಾಕ್ಟರ ಜೊತೆ ಕೂತು ಹೀಗೆ ನಿರ್ಧಾರವಾಯಿತು: ಜೋರು ಕೀಮೋದ ತಿಂಗಳುಗಳು ಬೆಂಗಳೂರಿನಲ್ಲೇ. ತಂದೆ ರಜೆ ಒಟ್ಟುಗೂಡಿಸಿ ಅಣ್ಣನನ್ನೂ ಕರೆದುಕೊಂಡು ನಡುವೆ ಬರುತ್ತಾರೆ. ಮಾತ್ರೆಯ ಹಂತ ಬಂದ ಮೇಲೆ ಊರಿಗೆ. ರಕ್ತ ಪರೀಕ್ಷೆ ಅಲ್ಲಿನ ರಾಜಧಾನಿ ಮಾಲೆಯಲ್ಲಿ, ಬೆನ್ನಿನ ಇಂಜೆಕ್ಷನ್‌ಗೆ ಮಾತ್ರ ಇಲ್ಲಿಗೆ.

ಹೋಗುವ ಮೊದಲು ದಿವೇಹಿಯಲ್ಲಿ ಒಂದು ಚೀಟಿ ಬರೆಸಿದೆವು. ಮರ್ಕ್ಯಾಪ್ಟೊಪ್ಯೂರಿನ್ ದಿನಾ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇದು ಅದಲು ಬದಲಾದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಆ ದಿನದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಸಿದೆ. ಈ ಔಷಧಿ ತೆಗೆದುಕೊಳ್ಳುವಾಗ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಆದ್ದರಿಂದ ತುಂಬು ತೋಳಿನ ಅಂಗಿ, ಟೋಪಿ. ಸಮುದ್ರಕ್ಕೆ ಇಳಿಯುವುದು ಡಾಕ್ಟರನ್ನು ಕೇಳಿದ ಮೇಲೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯುವ ಹಾಗಿಲ್ಲ. ತಕ್ಷಣ ದ್ವೀಪದ ಆರೋಗ್ಯ ಕೇಂದ್ರ, ಅಲ್ಲಿಂದ ನಮಗೆ ಫೋನ್. ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿ ಬಂದು ರಾತ್ರಿ ಆಗಿದ್ದರೆ ಬೆಳಗಿನ ದೋಣಿಗೆ ಕಾಯುವುದು ಬೇಡ, ಯಾರ ಸ್ಪೀಡ್‌ಬೋಟ್ ಕೇಳಬೇಕು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ ಅಂದೆ. ತಂದೆ ಊರಿನ ಇಬ್ಬರ ಹೆಸರು, ನಂಬರ್ ಬರೆದು ಕಳಿಸಿದರು.