ಬಿಸಿನೆಸ್ ಶುರು ಮಾಡುವಾಗ ಗಂಡಸರು, ಹೆಂಗಸರು ಯೋಚಿಸುವ ರೀತಿ ಬೇರೆನಾ?

ಬೇರೆಯೇ. ಆದರೆ ಸ್ವಭಾವಕ್ಕಿಂತ ಆಸ್ತಿಯೇ ಅದಕ್ಕೆ ಜಾಸ್ತಿ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕೊಡಗನ್ನೇ ನೋಡಿ. ಹೋಂಸ್ಟೇ ಅಂದರೆ ಗಂಡಸರ ತಲೆಯಲ್ಲಿ ಮೊದಲು ಬರುವುದು ಹೊಸ ಕಟ್ಟಡ, ಬ್ಯಾಂಕ್ ಸಾಲ. ಹೆಂಗಸರು ಹೆಚ್ಚಾಗಿ ಮನೆಯಲ್ಲಿ ಇರುವುದರಿಂದಲೇ ಶುರು ಮಾಡುತ್ತಾರೆ: ಖಾಲಿ ಕೋಣೆ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ ರಸ), ಉಪ್ಪಿನಕಾಯಿ, ಚಾಕೊಲೇಟ್. ಮಾರಿ ಬಂದ ದುಡ್ಡನ್ನೇ ಮತ್ತೆ ಹಾಕುತ್ತಾರೆ.

ಇದನ್ನು ಸುಮ್ನೆ ಭಯ ಅನ್ನಬೇಡಿ. ತೋಟದ ಪತ್ರ ಸಾಮಾನ್ಯವಾಗಿ ಗಂಡಸರ ಹೆಸರಲ್ಲಿರುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರಿದ್ದು. ಅಡ ಇಡಲು ಏನೂ ಇಲ್ಲದವರು ಸಣ್ಣದಾಗಿಯೇ ಶುರು ಮಾಡಬೇಕು, ಅಲ್ವಾ? (ಗಂಡಸರ ಧೈರ್ಯದಲ್ಲೂ ಅರ್ಧ ಅಪ್ಪನ ತೋಟದ್ದೇ!)

2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಅಡಮಾನ ಬೇಕಿಲ್ಲ. ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಕೇಳಬಹುದು.