‘ನಮ್ಮಿಂದ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ’

ನಾನು ಮನಸ್ಸಿನ ಸಲಹೆಗಾರಳು. ನಿವೃತ್ತಿ ಹತ್ತಿರವಾದಂತೆ ನಿದ್ದೆಗೆಟ್ಟು ನನ್ನಲ್ಲಿಗೆ ಬರುವವರಲ್ಲಿ ಹಲವರ ಸಂಕಟ ಹಣದ್ದು. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ. ಈ ದಂಪತಿಯೂ ಹಾಗೆಯೇ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪತಿಗೆ 58 ವರ್ಷ, ಲೆಕ್ಕಪತ್ರ ವಿಭಾಗದ ನೌಕರಿ. ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಹಗಲು ಸಿಡಿಮಿಡಿಗುಟ್ಟುತ್ತಾರೆ ಎಂಬುದು ಪತ್ನಿಯ ದೂರು.

ಉಳಿತಾಯದ ಬಗ್ಗೆ ಯಾರನ್ನು ಕೇಳುತ್ತೀರಿ ಎಂದೆ. ಪರಿಚಯದವರೊಬ್ಬರು ಎಲ್ಲವನ್ನೂ ನೋಡಿಕೊಳ್ಳುತ್ತಾರಂತೆ. “ಒಳ್ಳೆಯ ಮನುಷ್ಯ. ನಮ್ಮಿಂದ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ.”

“ಹಾಗಾದರೆ ಅವರ ಸಂಸಾರ ಹೇಗೆ ನಡೆಯುತ್ತದೆ?”

ಉತ್ತರ ಬಂದದ್ದು ಪತ್ನಿಯಿಂದ: “ವರ್ಷವರ್ಷವೂ ಹೊಸ ಪಾಲಿಸಿಗೆ ನಿಮ್ಮ ಸಹಿ ಹಾಕಿಸಿಕೊಂಡು ಹೋಗುತ್ತಾರಲ್ಲ, ಅದರಿಂದ.”

ಪತಿ ಅವರತ್ತ ಸಿಟ್ಟಿನಿಂದ ತಿರುಗಿದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: “ಕಚೇರಿಯಲ್ಲಿ ಲೆಕ್ಕ ತಪ್ಪಿದರೆ ಮುಂದಿನ ತಿಂಗಳು ಸರಿಪಡಿಸುತ್ತಿದ್ದೆ. ಇದು ತಪ್ಪಿದರೆ ಮುಂದಿನ ತಿಂಗಳ ಸಂಬಳವೇ ಇರುವುದಿಲ್ಲ ಮೇಡಂ. ಜೀವಮಾನವೆಲ್ಲ ಲೆಕ್ಕ ಬರೆದವನು, ನನ್ನ ಮನೆಯ ಲೆಕ್ಕ ನನಗೇ ತಿಳಿಯುತ್ತಿಲ್ಲ ಎಂದು ಯಾರ ಮುಂದೆ ಹೇಳಲಿ?”

ಅವರನ್ನು ಕಾಡುತ್ತಿದ್ದುದು ಕೊರತೆಗಿಂತ ಹೆಚ್ಚಾಗಿ ನಾಚಿಕೆ. ಪುಕ್ಕಟೆ ಸಲಹೆಗಾರನ ಮುಂದೆ ಆ ನಾಚಿಕೆಗೆ ಎಡೆಯಿರಲಿಲ್ಲ. ಅವನು ಪ್ರಶ್ನೆಗಳನ್ನೇ ಕೇಳುತ್ತಿರಲಿಲ್ಲ.

ನಾನು ಹೇಳಿದ್ದಿಷ್ಟು. ನಿವೃತ್ತಿಯ ಲೆಕ್ಕದಲ್ಲಿ ಎಷ್ಟು ವರ್ಷ ಬದುಕುತ್ತೇವೆ ಎಂಬ ಮುಖ್ಯ ಅಂಕಿಯೇ ಗೊತ್ತಿರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ನಿವೃತ್ತಿಯ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಕುಸಿದು, ಇಳಿದ ಬೆಲೆಗೆ ಹೂಡಿಕೆ ಮಾರಿ ಸಂಸಾರ ನಡೆಸಬೇಕಾದರೆ, ಮುಂದೆ ಮಾರುಕಟ್ಟೆ ಚೇತರಿಸಿಕೊಂಡರೂ ಆ ನಷ್ಟ ತುಂಬುವುದು ಕಷ್ಟ. ಇದನ್ನು ತಿಳಿಯದಿರುವುದು ಅವಮಾನವಲ್ಲ. ಹೂಡಿಕೆ ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ, ನಿಮ್ಮಿಂದ ಮಾತ್ರ ಶುಲ್ಕ ಪಡೆಯುವ ಸಲಹೆಗಾರರ ಬಳಿ ಹೋಗಿ. ಬೇರೆ ಯಾರಿಂದಲೂ ಕಮಿಷನ್ ಬರುವುದಿಲ್ಲವೆಂದು ಬರೆಸಿಕೊಳ್ಳಿ. ಮೊದಲ ಭೇಟಿಯಲ್ಲಿ ಯಾವುದಕ್ಕೂ ಸಹಿ ಹಾಕಬೇಡಿ. ಇಬ್ಬರೂ ಹೋಗಿ.

ಶುಲ್ಕ ಕೊಟ್ಟ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಕೆಂದೇನೂ ಇಲ್ಲ. ಉಳಿತಾಯದ ಮೇಲೆ ವರ್ಷಕ್ಕೆ ಶೇಕಡಾ 1ರಷ್ಟು ಶುಲ್ಕವೆಂದರೆ ಕೇಳಲು ಅಲ್ಪ. 25 ವರ್ಷಗಳಲ್ಲಿ ಅದು ಕೈಗೆ ಬರಬೇಕಾದ ಮೊತ್ತದ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತದೆ. ಒಂದು ಯೋಜನೆಗೆ ಇಷ್ಟು ಎಂದು ನಿಗದಿತ ಶುಲ್ಕ ಹೇಳುವವರನ್ನು ಮೊದಲು ವಿಚಾರಿಸಿ ಎಂದೆ.

ಮನಸ್ಸಿನ ಸಲಹೆಗಾರರು ಹಣದ ವಿಷಯಕ್ಕೆ ಕೈ ಹಾಕಬಾರದೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಹಣ ಎಲ್ಲಿ ಹೂಡಬೇಕೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಯಾರನ್ನು ಕೇಳಬೇಕೆಂದು ಹೇಳದೆ, ಉಸಿರಾಟದ ವ್ಯಾಯಾಮ ಕಲಿಸಿ ಕಳಿಸುವುದನ್ನು ಮಾತ್ರ ನಾನು ಚಿಕಿತ್ಸೆ ಎನ್ನಲಾರೆ.

ದಂಪತಿ ಹೋದರು. ನಿವೃತ್ತಿಗೆ ಹಣ ಸಾಲುತ್ತದೆ, ಆದರೆ ಮಗನ ವ್ಯಾಪಾರಕ್ಕೆ ಕೊಡುವಷ್ಟಿಲ್ಲ ಎಂದರಂತೆ ಆ ಸಲಹೆಗಾರರು. ಪತಿಗೆ ಈಗ ನಿದ್ದೆ ಬರುತ್ತಿದೆ. ಮಗ ಮಾತು ಬಿಟ್ಟಿದ್ದಾನೆ. ಮುಂದಿನ ಭೇಟಿಗೆ ಅವನನ್ನೂ ಕರೆತರಲು ಹೇಳಿದ್ದೇನೆ.