ತೊಟ್ಟು ಬಾಗಬಾರದು, ದಾರ ಬಾಗಬೇಕು

ಚೌಕ ಗಂಟು, ಕ್ಯಾಂಡಿ ಸ್ಟ್ರೈಪ್ (ಓರೆ ಪಟ್ಟೆಗಳ ಹೆಣಿಗೆ), ಶೆವ್ರಾನ್ (ಬಾಣದ ಮೊನೆಯಂಥ ಪಟ್ಟೆಗಳ ಹೆಣಿಗೆ) ಈ ಮೂರರಲ್ಲಿ ಗೆಳತಿಗೆ ಕೊಡುವ ಫ್ರೆಂಡ್‌ಶಿಪ್ ಬ್ಯಾಂಡಿಗೆ ಯಾವುದು ಸುಲಭ ಎಂದು ಕೇಳಿದ್ದೀರಿ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ. ಫ್ರೆಂಡ್‌ಶಿಪ್ ಡೇ, ಅಂದರೆ ಆಗಸ್ಟ್ ತಿಂಗಳ ಮೊದಲ ಭಾನುವಾರ, ಹತ್ತಿರ ಬಂದಿತ್ತು, ಎಂ.ಎ. ಮುಗಿಸಿದ್ದ ನನ್ನ ಕೋಣೆಯ ಗೆಳತಿ ಪುಣೆಯಲ್ಲಿ ಕೆಲಸ ಸಿಕ್ಕಿ ಅದೇ ದಿನ ಬೆಳಗಿನ ಬಸ್ಸಿಗೆ ಹೊರಡುವವಳಿದ್ದಳು.

ನನಗೆ ಬರುತ್ತಿದ್ದದ್ದು ಚೌಕ ಗಂಟು ಒಂದೇ. ನಡುವೆ ಎರಡು ದಾರ ನೆಟ್ಟಗೆ ನಿಲ್ಲುತ್ತವೆ, ಅಂಚಿನ ಎರಡು ದಾರಗಳನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಯಿಸಿ ಎರಡನ್ನೂ ಸಮವಾಗಿ ಎಳೆಯಬೇಕು. ಪ್ರತಿ ಸಲವೂ ಒಂದೇ ಬದಿಯಿಂದ ಆರಂಭಿಸಿದರೆ ಪಟ್ಟಿ ಸುರುಳಿಯಾಗುತ್ತದೆ, ಅಷ್ಟೇ. ಅವಳಿಗೆ ಇನ್ನೂ ಚೆಂದದ್ದು ಬೇಕೆನಿಸಿ, ನೀಲಿ, ಹಳದಿ, ಬಿಳಿ, ಕೆಂಪು ಕಸೂತಿ ದಾರದ ಲಡಿಗಳನ್ನು ತಂದು, ಬಣ್ಣಕ್ಕೆ ಎರಡರಂತೆ ಎಂಟು ದಾರ ಕತ್ತರಿಸಿ ಶೆವ್ರಾನ್ ಹಿಡಿದೆ.

ನನ್ನ ತಪ್ಪು ಅಲ್ಲಿ ಆಯಿತು, ಇದನ್ನು ನಿಧಾನವಾಗಿ ಓದಿ. ಶೆವ್ರಾನಿನಲ್ಲಿ ಎಡ ಅಂಚಿನ ದಾರವನ್ನು ಪಕ್ಕದ ದಾರದ ಮೇಲೆ ಇಂಗ್ಲಿಷಿನ 4ರ ಆಕಾರದಲ್ಲಿ ಇಟ್ಟು, ಅದರ ಅಡಿಯಿಂದ ತಂದು, ಆ ಕಿಂಡಿಯೊಳಗಿಂದ ಹೊರಗೆಳೆದು ಮೇಲಕ್ಕೆ ಸರಿಸಬೇಕು. ಅದನ್ನೇ ಇನ್ನೊಮ್ಮೆ ಮಾಡಿದರೆ ಒಂದು ಗಂಟು. ಈ ಹೊತ್ತಿನಲ್ಲಿ ಪಕ್ಕದ ದಾರ ಬಿಗಿಯಾಗಿ, ಕಡ್ಡಿಯಂತೆ ನೆಟ್ಟಗಿರಬೇಕು. ನಾನು ಚೌಕ ಗಂಟಿನ ರೂಢಿಯಲ್ಲಿ ಎರಡೂ ತುದಿಗಳನ್ನು ಒಂದೇ ಬಲದಿಂದ ಎಳೆದೆ. ಹಾಗೆ ಎಳೆದಾಗ ಸುತ್ತಬೇಕಾದ ದಾರ ನೆಟ್ಟಗಾಗಿ, ನೆಟ್ಟಗಿರಬೇಕಾದದ್ದು ಅದರ ಸುತ್ತ ಸುತ್ತಿಕೊಳ್ಳುತ್ತದೆ, ಗಂಟು ಮಗುಚಿಕೊಳ್ಳುತ್ತದೆ. ನೀಲಿ ಕಾಣಬೇಕಾದ ಕಡೆ ಹಳದಿ ಇಣುಕುತ್ತದೆ. ಎರಡು ಸುತ್ತಿನಲ್ಲಿ ಒಂದೇ ಮಗುಚಿದರೆ ಅರ್ಧ ನೀಲಿ, ಅರ್ಧ ಹಳದಿ. ಎಂಟು ದಾರದ ಶೆವ್ರಾನಿನ ಒಂದು ಸಾಲಿಗೆ 7 ಗಂಟು, ಅಂದರೆ 14 ಸುತ್ತು. ಅವುಗಳಲ್ಲಿ ಎಷ್ಟು ಮಗುಚಿದ್ದವೋ, ನಾಲ್ಕು ಬೆರಳಷ್ಟು ಹೆಣೆದ ಮೇಲೂ ಬಾಣದ ಮೊನೆ ಮೂಡಲೇ ಇಲ್ಲ. ದಾರದ ಬಣ್ಣವೇ ಸರಿಯಿಲ್ಲವೆಂದು ಬಗೆದು ಮೂರು ಸಲ ಕತ್ತರಿಸಿ ಎಸೆದೆ. ಭಾನುವಾರ ಬೆಳಿಗ್ಗೆ ಅವಳು ಬರಿಗೈಯಲ್ಲಿ ಬಸ್ಸು ಹತ್ತಿದಳು.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಪಡಸಾಲೆಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು. ನನ್ನ ಕೈಯಲ್ಲಿದ್ದ ಗೋಜಲನ್ನು ನೋಡಿ, "ತೊಟ್ಟು ಬಾಗಬಾರದವ್ವಾ, ದಾರ ಬಾಗಬೇಕು. ನೀ ಎರಡನ್ನೂ ಎಳೀತಿ" ಎಂದಳು. ಅವಳ ಬೆರಳುಗಳಲ್ಲಿ ತೊಟ್ಟುಗಳು ಅಲುಗದೆ ನಿಂತಿದ್ದವು, ದಾರ ಮಾತ್ರ ಬಳಸಿಕೊಂಡು ಹೋಗುತ್ತಿತ್ತು. ಆ ಸಂಜೆಯೇ ನನ್ನ ಮೊದಲ ಶೆವ್ರಾನ್ ಸರಿಬಂದಿತು, ಮರುವಾರ ಅದನ್ನು ಅಂಚೆಯಲ್ಲಿ ಪುಣೆಗೆ ಕಳಿಸಿದೆ.

ಆದ್ದರಿಂದ ಈ ಮೂರನ್ನೂ ಮೂರು ವಿದ್ಯೆಗಳೆಂದು ತೂಗಿ ನೋಡುವುದನ್ನೇ ನಾನು ಒಪ್ಪುವುದಿಲ್ಲ. ಕ್ಯಾಂಡಿ ಸ್ಟ್ರೈಪ್ ಮತ್ತು ಶೆವ್ರಾನ್ ಒಂದೇ ಗಂಟು: ಮೊದಲನೆಯದರಲ್ಲಿ ದಾರ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಎರಡನೆಯದರಲ್ಲಿ ಎರಡೂ ಅಂಚಿನಿಂದ ಬಂದು ನಡುವೆ ಸೇರುತ್ತದೆ. ಚೌಕ ಗಂಟು ಮಾತ್ರ ಬೇರೆ, ಅದು ಬೇಗ ಮುಗಿಯುತ್ತದೆ ಎಂಬುದೂ ನಿಜ. ಆದರೂ ಅದರಿಂದ ಆರಂಭಿಸಬೇಡಿ, ಎರಡೂ ಕೈ ಸಮವಾಗಿ ಎಳೆಯುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಎದ್ದು ಕಾಣುವ ಎರಡು ಬಣ್ಣಗಳಲ್ಲಿ ಎರಡೆರಡು ದಾರ, ಒಂದೊಂದು ಎರಡು ಮೊಳ ಉದ್ದ, ತೆಗೆದುಕೊಂಡು ಕ್ಯಾಂಡಿ ಸ್ಟ್ರೈಪ್ ಹೆಣೆಯಿರಿ. ಇದರಲ್ಲಿ ಪ್ರತಿ ದಾರಕ್ಕೂ ಸರದಿ ಬರುವುದರಿಂದ ಎಲ್ಲವೂ ಹೆಚ್ಚುಕಡಿಮೆ ಸಮವಾಗಿ ಸವೆಯುತ್ತವೆ. ಚೌಕ ಗಂಟಿನಲ್ಲಾದರೆ ಅಂಚಿನ ದಾರಗಳನ್ನು ನಡುವಿನವಕ್ಕಿಂತ ಬಹಳ ಉದ್ದ ಬಿಡಬೇಕಾಗುತ್ತದೆ. ಪ್ರತಿ ಗಂಟಾದ ಮೇಲೆ ನಿಂತು ನೋಡಿ: ಎಡದಿಂದ ಬಲಕ್ಕೆ ದಾಟಿದ ದಾರದ ಬಣ್ಣವೇ ಕಾಣುತ್ತಿರಬೇಕು. ಬೇರೆ ಬಣ್ಣ ಕಂಡರೆ ಮುಂದಿನ ಗಂಟು ಹಾಕುವ ಮೊದಲೇ ಸೂಜಿಯ ತುದಿಯಿಂದ ಸಡಿಲಿಸಿ ಬಿಚ್ಚಿ, ಮೇಲೊಂದು ಸಾಲು ಕುಳಿತ ನಂತರ ಅದು ಸುಲಭವಾಗಿ ಬಿಚ್ಚುವುದಿಲ್ಲ.